ಏಳನೇ ತರಗತಿಯ ಟೀಚರ್ ಸೇವಾ ಪುಸ್ತಕ

(ತಾಲ್ಲೂಕು ಗುರುಭವನದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ಸಭಾಂಗಣದಲ್ಲಿ ನಾನು ಹೆಚ್ಚಾಗಿ ಕೆಳಗೆ ಕೂತು ಕೇಳಿದವಳು. ಇವತ್ತು ಮೇಲೆ ನಿಂತು ಮಾತಾಡಿ ಅಂದಿದ್ದೀರಿ. ಭಾಷಣ ಮಾಡಿ ಅಭ್ಯಾಸವಿಲ್ಲ, ಪಾಠ ಮಾಡಿ ಅಭ್ಯಾಸ. ಹಾಗಾಗಿ ಒಂದು ಕಾಗದದಿಂದಲೇ ಶುರುಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 1994ರಲ್ಲಿ. ಓದಿದ್ದು ಪಿಯುಸಿ, ಟಿಸಿಎಚ್, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ. ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳು. ಮೂರನೇ ವರ್ಷಕ್ಕೇ ಹೆಡ್‌ಮಾಸ್ಟರು ಏಳನೇ ತರಗತಿಯ ಸಮಾಜ, ಇಂಗ್ಲಿಷ್ ಎರಡೂ ನನ್ನ ತಲೆಗೆ ಕಟ್ಟಿದರು. ಗೊತ್ತಿಲ್ಲದ್ದನ್ನು ಕಲಿಸಬಾರದು ಎಂಬ ಭಯದಿಂದ ಓದಲು ಕೂತೆ. ಮೈಸೂರಿನ ಮುಕ್ತಗಂಗೋತ್ರಿಗೆ ಬಸ್ಸು ಹತ್ತಿ ಹೋಗಿ ಬಿ.ಎ.ಗೆ ಹೆಸರು ನೋಂದಾಯಿಸಿದೆ. ಆಮೇಲೆ ಬಿ.ಎಡ್. ಬೇಸಿಗೆ ರಜೆಯೆಲ್ಲ ಸಂಪರ್ಕ ತರಗತಿಗೇ ಹೋಯಿತು. ಚಿಕ್ಕ ಮಗನನ್ನು ನಮ್ಮ ಅತ್ತೆಯವರು ನೋಡಿಕೊಂಡರು. ಅವರಿಲ್ಲದಿದ್ದರೆ ನನ್ನ ಪದವಿ ಆಗುತ್ತಲೇ ಇರಲಿಲ್ಲ, ಇದನ್ನು ಸಭೆಯಲ್ಲಿ ಹೇಳಲೇಬೇಕು.

2004ರಲ್ಲಿ ಅಂಕಪಟ್ಟಿ ಹಿಡಿದು ಕಚೇರಿಗೆ ಹೋದೆ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ನನ್ನ ನೌಕರಿಯ ವಿವರವೆಲ್ಲ ದಾಖಲಾಗುವ ಸೇವಾ ಪುಸ್ತಕ ತೆಗೆದು, ಬೆರಳಿಗೆ ನೀರು ಅದ್ದಿಕೊಂಡು ಪುಟ ತಿರುವಿ, ಒಂದೇ ಸಾಲು ಬರೆದರು: ಬಿ.ಎ., ಬಿ.ಎಡ್. ತೇರ್ಗಡೆ. ಮೇಲೊಂದು ಮೊಹರು ಬಿತ್ತು. "ಅಷ್ಟೇನಾ ಸರ್?" ಅಂದೆ. "ಅಷ್ಟೇ ಮೇಡಂ, ನೀವು ಪ್ರೈಮರಿ ಅಲ್ವಾ" ಅಂದರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ನಿಯಮ ಹಾಗೇ ಇತ್ತು. ಆ ಸಾಲಿಗೆ ಸಂಬಳದಲ್ಲಿ ಒಂದು ರೂಪಾಯಿಯೂ ಸೇರಲಿಲ್ಲ. ಆದರೆ ಮಾರನೇ ದಿನ ಏಳನೇ ತರಗತಿಗೆ ಹೋದವಳು ಬೇರೆಯೇ ಟೀಚರ್ ಆಗಿದ್ದೆ, ಅದು ನನಗೂ ನನ್ನ ಮಕ್ಕಳಿಗೂ ಗೊತ್ತು.

ಈ ಸಭೆಯಲ್ಲಿ ಕೂತಿರುವ ಅರ್ಧಕ್ಕರ್ಧ ಜನರ ಸೇವಾ ಪುಸ್ತಕದಲ್ಲಿ ಇಂಥದೇ ಸಾಲು ಇರುತ್ತದೆ. ಪ್ರೌಢಶಾಲೆಗೆ ಕಲಿಸುವ ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲೇ ಉಳಿದವರು ನಾವು.

ನಿಯಮದ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನಮ್ಮ ಹೊಸ ಶಿಕ್ಷಕರಿಗೂ ಇದರ ಬೇರು ಎಲ್ಲಿದೆ ಎಂದು ತಿಳಿದಿರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದೇ ವರ್ಷ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ನಾವೆಲ್ಲ ಎನ್‌ಸಿಟಿಇ ಅನ್ನುತ್ತೇವಲ್ಲ, ಕನಿಷ್ಠ ವಿದ್ಯಾರ್ಹತೆ ಗೊತ್ತುಮಾಡಿತು. ಒಂದರಿಂದ ಐದಕ್ಕೆ ಪಿಯುಸಿ ಜೊತೆಗೆ ಎರಡು ವರ್ಷದ ಡಿಪ್ಲೊಮಾ. ಆರರಿಂದ ಎಂಟಕ್ಕೆ ಪದವಿ, ಅದರ ಜೊತೆ ಆ ಡಿಪ್ಲೊಮಾ ಅಥವಾ ಬಿ.ಎಡ್. ಎರಡಕ್ಕೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ.

ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಅಂದರೆ ಏಳರವರೆಗೆ. ಟಿಸಿಎಚ್ ಅಥವಾ ಅಂಥದೇ ಪ್ರಾಥಮಿಕ ಶಿಕ್ಷಕ ತರಬೇತಿಯಾದ ಡಿ.ಎಡ್. ಆದವರನ್ನು ನೇಮಿಸಿಕೊಂಡದ್ದೇ ಒಂದರಿಂದ ಏಳಕ್ಕೆ ಎಂದು. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದಾಗ ಪ್ರಾಥಮಿಕ ಶಿಕ್ಷಕರ ವೃಂದ, ಅಂದರೆ ಹುದ್ದೆಯ ವರ್ಗ, ಒಂದರಿಂದ ಐದಕ್ಕೆ ಇಳಿಯಿತು. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕ, ಅಂದರೆ ಜಿಪಿಟಿ ಎಂಬ ಹೊಸ ವೃಂದ ಬಂತು. ಹೊಸ ವೃಂದ ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಏಳನೇ ತರಗತಿಯ ಗಣಿತಕ್ಕೆ ಗಣಿತ ಓದಿದವರೇ ಬರಲಿ. ಆದರೆ ಇಪ್ಪತ್ತು ವರ್ಷದಿಂದ ಅದೇ ಏಳನೇ ತರಗತಿಗೆ ಕಲಿಸುತ್ತಿದ್ದ, ಪದವಿಯೂ ಬಿ.ಎಡ್. ಕೂಡ ಇರುವ ಶಿಕ್ಷಕಿಗೆ ಕಾಗದದಲ್ಲಿ "ನೀವು ಐದನೇ ತರಗತಿಯವರೆಗೆ ಮಾತ್ರ" ಎಂದು ಬರೆದು, ಕೆಲಸ ಮಾತ್ರ ಏಳನೇ ತರಗತಿಯಲ್ಲೇ ಮುಂದುವರಿಸಿದರಲ್ಲ, ತಪ್ಪು ಅಲ್ಲಿದೆ. ಜಿಪಿಟಿ ಹುದ್ದೆ ಭರ್ತಿಯಾಗದ ಶಾಲೆಗಳಲ್ಲಿ ಇವತ್ತಿಗೂ ಆರು, ಏಳರ ವೇಳಾಪಟ್ಟಿಯಲ್ಲಿ ಇರುವುದು ನಮ್ಮದೇ ಹೆಸರು. ಈ ಕಾರಣಕ್ಕೇ, ಪದವಿ ಇರುವ ಹಳೆಯ ಶಿಕ್ಷಕರನ್ನು ಜಿಪಿಟಿ ವೃಂದಕ್ಕೆ ಸೇರಿಸಿ ಎಂದು, 2024ರ ಆಗಸ್ಟ್ 12ರಂದು ನಾವು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು.

ಹಣದ ಮಾತಿಗೆ ಬರೋಣ. 2018ರಲ್ಲಿ ಬಂದ ಶ್ರೇಣಿಗಳನ್ನೇ ತೆಗೆದುಕೊಳ್ಳಿ. ಪ್ರಾಥಮಿಕ ಶಿಕ್ಷಕರಿಗೆ ಆರಂಭ 25,800. ಪದವೀಧರ ಪ್ರಾಥಮಿಕ ಶಿಕ್ಷಕರಿಗೆ 27,650. ಪ್ರೌಢಶಾಲೆಯ ಸಹಶಿಕ್ಷಕರಿಗೆ 33,450. ಮೊದಲ ಎರಡರ ನಡುವೆ 1,850 ರೂಪಾಯಿ ಅಂತರ. ಏಳನೇ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್‌ನಿಂದ ಕೈಗೆ ಸಿಕ್ಕಿತು, ಅಂಕಿಗಳು ದೊಡ್ಡದಾದವು, ಮೆಟ್ಟಿಲು ಮಾತ್ರ ಹಾಗೇ ಉಳಿಯಿತು.

"1,850 ರೂಪಾಯಿಗೆ ಇಷ್ಟು ಗಲಾಟೆಯಾ?" ಎಂದು ನನ್ನ ಸ್ವಂತ ತಮ್ಮನೇ ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇಪ್ಪತ್ತು ವರ್ಷ ಸೇವೆಯಾದವರ ಮೂಲ ವೇತನ, ನಿನ್ನೆ ಸೇರಿದ ಜಿಪಿಟಿಗಿಂತ ಹೇಗೂ ಹೆಚ್ಚೇ ಇರುತ್ತದೆ. ನೋವು ಇರುವುದು ಜ್ಯೇಷ್ಠತೆಯಲ್ಲಿ, ಬಡ್ತಿಯಲ್ಲಿ. ಜಿಪಿಟಿ ಆಗಬೇಕಾದರೆ ಹೊಸಬರ ಜೊತೆ ಪರೀಕ್ಷೆ ಬರೆಯಿರಿ, ಆಯ್ಕೆಯಾದರೆ ಹೊಸ ವೃಂದದ ಜ್ಯೇಷ್ಠತಾ ಪಟ್ಟಿಯಲ್ಲಿ ಕೊನೆಯವರಾಗಿ ನಿಲ್ಲಿ ಎಂದರೆ, ಐವತ್ತು ದಾಟಿದವರು ಏನು ಮಾಡಬೇಕು? ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಆ ಪರೀಕ್ಷೆಗೆ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಪ್ರವೇಶ ಪತ್ರವನ್ನೂ ತೆಗೆಸಿಕೊಂಡು, ಕೊನೆಗೆ ಹೋಗಲಿಲ್ಲ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಅದೇ ಕೇಂದ್ರದಲ್ಲಿ ಪರೀಕ್ಷೆ ಬರೆಯುವವನಿದ್ದ. "ಅವನ ಮುಂದೆ ಹೇಗೆ ಕೂರಲಿ ಟೀಚರ್?" ಅಂದರು. ಅವನಿಗೆ ಭಿನ್ನರಾಶಿ ಕಲಿಸಿದವರೇ ಅವರು, ಬಿಸಿಯೂಟದ ಚಪಾತಿ ಮುರಿದು ತೋರಿಸಿ.

ವಿದ್ಯಾರ್ಹತೆಗೆ ಬೆಲೆ ಕೊಡಲಾಗದು ಎಂದು ಸರ್ಕಾರ ಯಾವತ್ತೂ ಹೇಳುವಂತಿಲ್ಲ. ಒಂದು ಹಳೆಯ ಮೊಕದ್ದಮೆ ನೆನಪಿಸುತ್ತೇನೆ. ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಹೈದರಾಬಾದಿನ ಕಡೆಯಿಂದ ಮೈಸೂರು ರಾಜ್ಯಕ್ಕೆ ಬಂದ ಟ್ರೇಸರ್‌ಗಳಿದ್ದರು, ನಕ್ಷೆ ಪಡಿಯಚ್ಚು ತೆಗೆಯುವವರು. ಮೆಟ್ರಿಕ್ ಆದವರಿಗೆ ಒಂದು ಶ್ರೇಣಿ, ಆಗದವರಿಗೆ ಅದಕ್ಕಿಂತ ಕಡಿಮೆ. ಮಾಡುವ ಕೆಲಸ ಒಂದೇ ತಾನೇ ಎಂದು ನೌಕರರೊಬ್ಬರು ನ್ಯಾಯ ಕೇಳಿದರು. ಹೈಕೋರ್ಟಿನಲ್ಲಿ ಅವರು ಗೆದ್ದರು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಾನು ಗೆದ್ದಿತು. ಮೈಸೂರು ರಾಜ್ಯ ಮತ್ತು ನರಸಿಂಗ ರಾವ್ ಪ್ರಕರಣ ಎಂದು ವಕೀಲರು ಇವತ್ತಿಗೂ ಉಲ್ಲೇಖಿಸುತ್ತಾರೆ. ಕೆಲಸ ಒಂದೇ ಆದರೂ ಓದಿನ ಆಧಾರದ ಮೇಲೆ ವೇತನ ಬೇರೆ ಮಾಡಬಹುದು ಎಂದು ನಮ್ಮ ರಾಜ್ಯವೇ ವಾದಿಸಿ ಗೆದ್ದ ಪ್ರಕರಣ ಅದು. ಓದು ಕಡಿಮೆಯಾದರೆ ಸಂಬಳ ಕಡಿಮೆ ಮಾಡಲು ಬರುವ ತತ್ವ, ಓದು ಹೆಚ್ಚಾದಾಗಲೂ ಬರಬೇಕು. ನಮ್ಮ ಮನವಿಯಲ್ಲಿ ಇದನ್ನು ಸೇರಿಸಬೇಕೆಂದು ನನ್ನ ಸಲಹೆ.

ಈಗ ನಿಮ್ಮಲ್ಲಿ ಕೆಲವರಿಗೆ ಹಿಡಿಸದ ಮಾತು ಹೇಳುತ್ತೇನೆ, ದಯವಿಟ್ಟು ಪೂರ್ತಿ ಕೇಳಿ.

ಬಿ.ಎಡ್. ಆದವರೆಲ್ಲ ಒಂದನೇ ತರಗತಿಗೂ ಕಲಿಸಬಲ್ಲರು ಎಂಬುದು ನಿಜವಲ್ಲ. ಬಿ.ಎಡ್. ಮುಗಿಸಿ ನೇರ ಚಿಕ್ಕ ಮಕ್ಕಳ ಮುಂದೆ ನಿಂತ ಒಬ್ಬ ಹುಡುಗಿಯನ್ನು ಖಾಸಗಿ ಶಾಲೆಯೊಂದರಲ್ಲಿ ನೋಡಿದ್ದೆ. ಬುದ್ಧಿವಂತೆ, ಶ್ರದ್ಧೆಯವಳು. ಪಾಠಯೋಜನೆಯನ್ನು ಹಂತ ಹಂತವಾಗಿ ಅಂದವಾಗಿ ಬರೆದುಕೊಂಡು ಬಂದಿದ್ದಳು. ಮುಂದಿನ ಸಾಲಿನ ಮಗು ಸ್ಲೇಟಿನ ಮೇಲೆ 'ಗ' ಅಕ್ಷರವನ್ನು ತಿರುಗುಮುರುಗಾಗಿ ಬರೆದು ಮೇಲೆತ್ತಿ ತೋರಿಸಿತು. ಅವಳು "ತಪ್ಪು" ಎಂದು ಅಳಿಸಿದಳು. ಮಗು ಮತ್ತೆ ಹಾಗೆಯೇ ಬರೆಯಿತು. ಮತ್ತೆ ಅಳಿಸಿದಳು. ಮೂರನೇ ಸಲ ಮಗು ಸ್ಲೇಟನ್ನು ಎದೆಗೆ ಅವಚಿಕೊಂಡು ತೋರಿಸಲಿಲ್ಲ. ಡಿ.ಎಡ್. ಮಾಡಿದವರಿಗೆ ಗೊತ್ತು, ಮೊದಲು ಮರಳಿನಲ್ಲಿ ಬೆರಳು ಹಿಡಿದು ತಿದ್ದಿಸಬೇಕು, ಗಾಳಿಯಲ್ಲಿ ಬರೆಸಬೇಕು, ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡಿಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯನ್ನು ನಡೆಸಲು ಬೇಕಾದದ್ದು ಇಂಥ ಕಣ್ಣು, ಇಂಥ ಬೆರಳು. ಆ ಹುಡುಗಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆದ್ದರಿಂದ 2023ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪನ್ನು ನಾನು ಬೈಯುವುದಿಲ್ಲ. 2018ರ ಜೂನ್ 28ರ ಅಧಿಸೂಚನೆಯಲ್ಲಿ ಎನ್‌ಸಿಟಿಇ ಬಿ.ಎಡ್. ಆದವರಿಗೂ ಒಂದರಿಂದ ಐದರ ಬಾಗಿಲು ತೆರೆದಿತ್ತು, ಸೇರಿದ ಮೇಲೆ ಚಿಕ್ಕ ಮಕ್ಕಳಿಗೆ ಕಲಿಸುವುದರ ಬಗ್ಗೆ ಆರು ತಿಂಗಳ ಸೇತು ತರಬೇತಿ ಪಡೆಯಬೇಕು ಎಂಬ ಷರತ್ತಿನೊಂದಿಗೆ. ರಾಜಸ್ಥಾನ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ದೇವೇಶ್ ಶರ್ಮಾ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಚಿಕ್ಕ ಮಕ್ಕಳಿಗೆ ಕಲಿಸುವುದೇ ಬೇರೆ ವಿದ್ಯೆ, ಗುಣಮಟ್ಟವಿಲ್ಲದ ಶಿಕ್ಷಣ ಹಕ್ಕಿಗೆ ಅರ್ಥವಿಲ್ಲ ಎಂಬುದು ಅದರ ತಿರುಳು. ನಮ್ಮ ಡಿ.ಎಡ್. ವಿದ್ಯೆಗೆ ದೇಶದ ದೊಡ್ಡ ನ್ಯಾಯಾಲಯ ಕೊಟ್ಟ ಗೌರವ ಅದು.

ಆದರೆ ಬಿ.ಎಡ್. ಆದವರನ್ನು ಕರೆದು ಕೆಲಸ ಕೊಟ್ಟು, ಐದು ವರ್ಷ ದುಡಿಸಿಕೊಂಡು, ಆ ಸೇತು ತರಬೇತಿಯನ್ನೇ ನಡೆಸದೆ, ಕೊನೆಗೆ ನೀವು ಅರ್ಹರಲ್ಲ ಎನ್ನುವುದು ಯಾವ ನ್ಯಾಯ? 2024ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ತೀರ್ಪಿಗೆ ಮೊದಲು ನೇಮಕವಾದವರ ಕೆಲಸ ಉಳಿಸಿತು. ಆಮೇಲೆ, 2025ರಲ್ಲಿ, ಅವರಿಗಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಆರು ತಿಂಗಳ ಕೋರ್ಸ್ ಬಂತು. ಏಳು ವರ್ಷ ತಡವಾಗಿ. ನಾವು ಮಕ್ಕಳಿಗೆ ಪ್ರತಿ ವರ್ಷ ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಹೊಸದಕ್ಕೆ ಜೋಡಿಸುವ ಸೇತುಬಂಧ ಮಾಡುತ್ತೇವೆ, ಪಾಠ ಶುರುವಾಗುವ ಮೊದಲೇ ಮಾಡುತ್ತೇವೆ. ಶಿಕ್ಷಕರ ಸೇತುಬಂಧವೂ ಹಾಗೇ ಆಗಬೇಕಿತ್ತು.

ಇದೆಲ್ಲದರ ಹಿಂದೆ ನನಗೆ ಕಾಣುವ ಗಂಟು ಒಂದೇ. ಯಾವ ತರಗತಿಗೆ ಯಾವ ತರಬೇತಿ ಬೇಕು ಎಂಬುದು ಒಂದು ಪ್ರಶ್ನೆ. ಕಲಿಸುವವರ ಬೆಲೆ ಎಷ್ಟು ಎಂಬುದು ಇನ್ನೊಂದು. ನಾವು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ, ತರಗತಿ ಮೇಲೇರಿದಷ್ಟೂ ಸಂಬಳ ಮೇಲೇರುವಂತೆ ಮಾಡಿದ್ದೇವೆ. ಅದಕ್ಕೇ ಒಳ್ಳೆಯ ನಲಿಕಲಿ ಟೀಚರ್ ಕೂಡ ಬಿ.ಎಡ್. ಮಾಡಿ ಪ್ರೌಢಶಾಲೆಗೆ ಹೋಗಲು ನೋಡುತ್ತಾಳೆ. ಹೋಗಿಬಿಟ್ಟರೆ ಒಂದನೇ ತರಗತಿ ಒಬ್ಬ ಪಳಗಿದ ಕೈಯನ್ನು ಕಳೆದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1945ರಲ್ಲೇ ಪ್ರಾಥಮಿಕ, ಪ್ರೌಢ ಎರಡಕ್ಕೂ ಒಂದೇ ಮೂಲ ವೇತನ ಶ್ರೇಣಿ ಮಾಡಿದರು, ಪದವಿ ಇದ್ದವರಿಗೆ ಅದರ ಮೇಲೆ ಪ್ರತ್ಯೇಕ ಹೆಚ್ಚುವರಿ ಮೊತ್ತ ಕೊಟ್ಟರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ: ಶಿಕ್ಷಕರು ತಾವಿರುವ ಹಂತದಲ್ಲೇ ಇದ್ದು ಸಂಬಳ, ಬಡ್ತಿಯಲ್ಲಿ ಬೆಳೆಯುವಂತಿರಬೇಕು, ಅದಕ್ಕಾಗಿ ಮೇಲಿನ ತರಗತಿಗೆ ಓಡುವಂತಾಗಬಾರದು. ಆ ನೀತಿಯ ಬೇರೆ ಮಾತುಗಳ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಇರಬಹುದು. ಈ ಒಂದು ಮಾತನ್ನು ನಾನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತೇನೆ.

ನಮ್ಮ ಬೇಡಿಕೆಗೆ ಎರಡು ಆಕ್ಷೇಪಗಳು ಬರುತ್ತವೆ. ಹಳೆಯ ಪದವೀಧರರನ್ನೆಲ್ಲ ಜಿಪಿಟಿಗೆ ಸೇರಿಸಿದರೆ ಬಿ.ಎಡ್. ಮಾಡಿ ಕಾಯುತ್ತಿರುವ ಯುವಕರಿಗೆ ಹುದ್ದೆ ಎಲ್ಲಿ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಮಗನ ಸ್ನೇಹಿತರೇ ಹಾಗೆ ಕಾಯುತ್ತಿದ್ದಾರೆ. ಆದರೆ ನಾವು ಏರಿದರೆ ನಮ್ಮ ಕೆಳಗಿನ ಹುದ್ದೆಗಳು ಖಾಲಿಯಾಗುತ್ತವೆ, ಅಲ್ಲಿಗೆ ಡಿ.ಎಡ್. ಮಕ್ಕಳು ಬರುತ್ತಾರೆ. ಜಿಪಿಟಿಯಲ್ಲೂ ನೇರ ನೇಮಕಾತಿಯ ಪಾಲು ಉಳಿಯಲೇಬೇಕು. ಇನ್ನೊಂದು, ಬಿ.ಎ. ಮಾಡಿದವರು ಗಣಿತ ಹೇಗೆ ಕಲಿಸುತ್ತಾರೆ ಎಂಬುದು. ಕಲಿಸಬಾರದು, ನಾನೂ ಒಪ್ಪುತ್ತೇನೆ. ವಿಲೀನ ವಿಷಯವಾರು ಆಗಲಿ. ಇತಿಹಾಸ ಓದಿದವರು ಸಮಾಜ ವಿಜ್ಞಾನಕ್ಕೆ, ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಗಣಿತಕ್ಕೆ. ಸುಮ್ಮನೆ "ಎಲ್ಲರನ್ನೂ ಸೇರಿಸಿ" ಎಂದು ಕೂಗಿದರೆ ನಮ್ಮ ಬೇಡಿಕೆಯೇ ತೆಳುವಾಗುತ್ತದೆ.

ಟಿಇಟಿ ವಿಚಾರ ಚಿಕ್ಕದಾಗಿ. 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಅದಕ್ಕಿಂತ ಕಡಿಮೆ ಇರುವವರಿಗೆ ವಿನಾಯಿತಿ ಇದೆ, ಆದರೆ ಬಡ್ತಿ ಬೇಕೆಂದರೆ ಅವರೂ ಬರೆಯಬೇಕು. ಕಾನೂನಿನ ಹೋರಾಟ ಸಂಘ ನೋಡಿಕೊಳ್ಳಲಿ, ನೀವು ಪುಸ್ತಕ ತೆರೆಯಿರಿ. ಗಣಿತ ಗೊತ್ತಿದ್ದವರು ಶನಿವಾರ ಮಧ್ಯಾಹ್ನ ಇದೇ ಗುರುಭವನದಲ್ಲಿ ಉಳಿದವರಿಗೆ ಹೇಳಿಕೊಡಿ. ಮಕ್ಕಳ ಬೆಳವಣಿಗೆ, ಬೋಧನಾ ಶಾಸ್ತ್ರದ ಭಾಗವನ್ನು ನಾನು ತೆಗೆದುಕೊಳ್ಳುತ್ತೇನೆ. ನಿವೃತ್ತಳು, ಸಮಯವಿದೆ.

ಕೊನೆಯದಾಗಿ ಒಂದು ಕೆಲಸ. ಬಾಗಿಲ ಹತ್ತಿರದ ಮೇಜಿನ ಮೇಲೆ ನಾಲ್ಕು ಕಲಮಿನ ಒಂದು ನಮೂನೆ ಇಟ್ಟಿದ್ದೇವೆ. ನೇಮಕವಾದ ವರ್ಷ, ಪದವಿಯ ವಿಷಯಗಳು, ಬಿ.ಎಡ್. ಆದ ವರ್ಷ, ಆಮೇಲೆ ವರ್ಷವಾರು ಯಾವ ತರಗತಿಗೆ ಯಾವ ವಿಷಯ ಕಲಿಸಿದಿರಿ ಎಂಬುದು. ನಾಲ್ಕನೆಯದು ನಿಮ್ಮ ಸೇವಾ ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ. ಶಾಲೆಯ ಹಳೆಯ ವೇಳಾಪಟ್ಟಿ, ಪಾಠ ಹಂಚಿಕೆ ಪುಸ್ತಕ, ಫಲಿತಾಂಶದ ವಹಿಗಳಲ್ಲಿ ಮಾತ್ರ ಇರುತ್ತದೆ. ಗೆದ್ದಲು ಹಿಡಿಯುವ ಮೊದಲು ಅವುಗಳ ಪ್ರತಿ ತೆಗೆದು, ಮುಖ್ಯ ಶಿಕ್ಷಕರಿಂದ ದೃಢೀಕರಿಸಿಕೊಂಡು, ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳ ಕೈಗೆ ಕೊಡಿ. ನನ್ನದನ್ನು ತುಂಬಿ ಮೊದಲ ಹಾಳೆಯಾಗಿ ಇಟ್ಟಿದ್ದೇನೆ: ಏಳನೇ ತರಗತಿ, ಸಮಾಜ ವಿಜ್ಞಾನ, 1997ರಿಂದ.