ಬೊಗಳದ ಕಾವಲು ನಾಯಿ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಕೆಲಸ ಪ್ಯಾಥಾಲಜಿ. ಅಂದರೆ ಗಡ್ಡೆಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಅದೇನೆಂದು ಹೇಳುವುದು. ನನ್ನ ಮೇಜಿಗೆ ಬರುವುದರಲ್ಲಿ ಕೆನ್ನೆಯ ಒಳಗಿನ, ನಾಲಿಗೆಯ ಚೂರುಗಳೇ ಜಾಸ್ತಿ. ಕಾರಣ ನಿಮಗೂ ಗೊತ್ತು: ಹೊಗೆಸೊಪ್ಪು, ಗುಟ್ಕಾ, ಬೀಡಿ. ಅಡಿಕೆಯೂ ಸೇರಿದೆ. ಮಲೆನಾಡಿನಲ್ಲಿ ಇದನ್ನು ಹೇಳಿ ಬೈಸಿಕೊಂಡಿದ್ದೇನೆ, ಇರಲಿ.

ಆ ಚೂರನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಡುತ್ತೇವೆ. ಕ್ಯಾನ್ಸರ್ ಕೋಶಗಳು ಗುಲಾಬಿ ಬಣ್ಣದ ನಡುಗಡ್ಡೆಗಳಂತೆ ಕಾಣುತ್ತವೆ. ಅಲ್ಲಲ್ಲಿ, ಅಡ್ಡ ಕೊಯ್ದ ಈರುಳ್ಳಿಯಂಥ ಸುತ್ತುಗಳು. ಸುತ್ತಮುತ್ತ ಸಾಸಿವೆ ಚೆಲ್ಲಿದ ಹಾಗೆ ಕಡುನೇರಳೆ ಚುಕ್ಕಿಗಳು. ಆ ಚುಕ್ಕಿಗಳೇ ಲಿಂಫೋಸೈಟುಗಳು, ಒಂದು ಬಗೆಯ ಬಿಳಿ ರಕ್ತಕಣ. ಅವುಗಳಲ್ಲಿ ಟಿ-ಕೋಶ ಅಂತ ಇದೆ. ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವ ತಾಕತ್ತು ಅದಕ್ಕಿದೆ. ಈ ಚುಕ್ಕಿಗಳು ನಡುಗಡ್ಡೆಯ ಒಳಗೇ ನುಗ್ಗಿದ್ದರೆ ರೋಗಿಗೆ ಸಾಮಾನ್ಯವಾಗಿ ಒಳ್ಳೆಯದು.

ಹಾಗಾದರೆ ಎಷ್ಟೋ ಸಲ ಪಕ್ಕದಲ್ಲೇ ಇದ್ದೂ ಸುಮ್ನೆ ಯಾಕೆ ಕೂತಿರುತ್ತವೆ?

ಟಿ-ಕೋಶದ ಮೈಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ನಮ್ಮ ಒಳ್ಳೆಯ ಕೋಶಗಳು ಅದನ್ನು ಮುಟ್ಟಿ ಟಿ-ಕೋಶವನ್ನು ಸಮಾಧಾನ ಮಾಡುತ್ತವೆ, ಮನೆಯ ಯಜಮಾನ ನಾಯಿಯ ತಲೆ ಸವರುತ್ತಾನಲ್ಲ, ಹಾಗೆ. ಕ್ಯಾನ್ಸರ್ ಕೋಶವೂ ಆ ಸವರುವಿಕೆ ಕಲಿತುಬಿಡುತ್ತದೆ. ಕಳ್ಳ ಬಂದರೂ ನಾಯಿ ಬೊಗಳುವುದಿಲ್ಲ. ಇನ್ನು ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳಲ್ಲಿ ಹಲವು, ಗಡ್ಡೆಯೊಳಗೆ ಹೋದ ಮೇಲೆ ಪಕ್ಷಾಂತರವನ್ನೇ ಮಾಡುತ್ತವೆ! ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ.

ಪಿಡಿ-1 ಅನ್ನು 1992ರಲ್ಲಿ ಗುರುತಿಸಿದ್ದು ಜಪಾನಿನ ಕ್ಯೋಟೋದಲ್ಲಿ, ತಾಸುಕು ಹೊಂಜೊ ಅವರ ತಂಡ. 2018ರಲ್ಲಿ ಅವರಿಗೆ ನೊಬೆಲ್ ಬಂತು. ಕಳ್ಳನ ಕೈ ತಾಗದ ಹಾಗೆ ಪಿಡಿ-1 ಮೇಲೆ ಮುಚ್ಚಳ ಹಾಕುವ ನಿವೊಲುಮ್ಯಾಬ್ ಇಂಜೆಕ್ಷನ್‌ಗೆ, ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಬಳಸಲು ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಆದರೆ ಬೆಲೆ? ಮನೆ ಮಾರಬೇಕು. ಇಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಗುಣಪಡಿಸಲಾಗದ ಹಂತ ತಲುಪಿದ್ದ ರೋಗಿಗಳಿಗೆ, ಕಡಿಮೆ ಖರ್ಚಿನ ಮೂರು ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಪೂರ್ತಿ ಡೋಸ್ 240 ಮಿಲಿಗ್ರಾಂ, ಅದೂ ಎರಡು ವಾರಕ್ಕೊಮ್ಮೆ! ಬರೀ ಮಾತ್ರೆ ತಗೊಂಡವರಲ್ಲಿ ವರ್ಷದ ನಂತರ ನೂರಕ್ಕೆ ಸುಮಾರು 16 ಮಂದಿ ಬದುಕಿದ್ದರು. ಇಂಜೆಕ್ಷನ್ ಸೇರಿಸಿದವರಲ್ಲಿ 43.

ನಾಯಿಯನ್ನು ಬಿಚ್ಚಿಬಿಟ್ಟರೆ ಮನೆಯವರನ್ನೇ ಕಚ್ಚುವುದೂ ಉಂಟು. ಥೈರಾಯ್ಡ್, ಕರುಳು, ಶ್ವಾಸಕೋಶಕ್ಕೆ ಪೆಟ್ಟು ಬೀಳಬಹುದು.

"ಡಾಕ್ಟ್ರೇ, ನಮ್ಮಪ್ಪನಿಗೆ ಈ ಮದ್ದು ನಾಟುತ್ತಾ?" ಅಂತ ಮಕ್ಕಳು ಕೇಳುತ್ತಾರೆ. ಅದಕ್ಕೆ ಇನ್ನೊಂದು ಬಣ್ಣದ ಪರೀಕ್ಷೆ ಇದೆ. ತಲೆ ಸವರುವ ಆ ಕೈ ಇದ್ದ ಕಡೆ ಸ್ಲೈಡು ಕಂದಾಗುತ್ತದೆ. ಕಂದು ಜಾಸ್ತಿ ಇದ್ದರೆ ಆಸೆ ಜಾಸ್ತಿ. ಹಾಗಂತ ತುಂಬಾ ಕಂದು ಇದ್ದವರಿಗೂ ನಾಟದೇ ಹೋಗಿದೆ, ಏನೂ ಇಲ್ಲದವರಿಗೂ ಒಮ್ಮೊಮ್ಮೆ ನಾಟಿದೆ. ಅಷ್ಟನ್ನೇ ಅವರಿಗೆ ಹೇಳುತ್ತೇನೆ.