ದಿಂಬಿನ ಕೆಲಸ

"ಪಾಪ, ಅಪ್ಪನ್ನ ನೆಮ್ಮದಿಯಾಗಿ ಮಲಗೋಕೂ ಬಿಡಲ್ಲ. ಸುಮ್ನೆ ಆ ಕಡೆ ಈ ಕಡೆ ಹೊರಳಿಸ್ತಾರೆ." ಐಸಿಯು ಬಾಗಿಲಲ್ಲಿ ಈ ಮಾತು ಕೇಳದ ದಿನ ಕಮ್ಮಿ. ಹಾಗೆ ಹೊರಳಿಸುವವಳು ನಾನೇ, ಫಿಸಿಯೋಥೆರಪಿಸ್ಟ್. ಅದಕ್ಕೇ ಇವತ್ತು ಸ್ವಲ್ಪ ಜಗಳಕ್ಕೆ ಬಂದಿದ್ದೇನೆ.

ನಮಗೆ ಕಫ ಕಟ್ಟಿದರೆ ಕೆಮ್ಮಿ ಉಗಿಯುತ್ತೇವೆ. ಗಂಟಲಿಗೆ ಟ್ಯೂಬ್ ಹಾಕಿ, ಮಂಪರಿನ ಔಷಧಿ ಕೊಟ್ಟವರಿಗೆ ಆ ಕೆಮ್ಮಿನ ಬಲ ಎಲ್ಲಿಂದ ಬರಬೇಕು? ಅಂಗಾತ ಬಿಟ್ಟರೆ ಕಫ ಬೆನ್ನಿನ ಕಡೆ ಇಳಿದು ಅಲ್ಲೇ ಕೂರುತ್ತದೆ. ಹೃದಯದ ಭಾರವೂ ಆ ಕಡೆಗೇ. ನೋಡುವವರಿಗೆ ಆರಾಮ, ಶ್ವಾಸಕೋಶಕ್ಕಲ್ಲ.

ಎದೆ ತಟ್ಟುವುದು ಎಲ್ಲರಿಗೂ ಕಾಣುತ್ತದೆ. "ಇನ್ನೂ ಸ್ವಲ್ಪ ತಟ್ಟಿ ಮೇಡಂ" ಅನ್ನುತ್ತಾರೆ. ನನ್ನ ಕೇಳಿದರೆ ಜಾಸ್ತಿ ಕೆಲಸ ದಿಂಬಿನದು, ಅಂದರೆ ದಿಂಬು ಒತ್ತುಕೊಟ್ಟು ಸರಿಯಾದ ಮಗ್ಗುಲಿಗೆ ಮಲಗಿಸುವುದು. ಬಲ ಶ್ವಾಸಕೋಶದಲ್ಲಿ ನ್ಯುಮೋನಿಯಾ ಇದ್ದರೆ ಎಡಮಗ್ಗುಲಿಗೆ ಮಲಗಿಸುತ್ತೇವೆ. ರಕ್ತ ಕೆಳಗಡೆಗೆ ಜಾಸ್ತಿ ಹರಿಯುತ್ತದೆ, ಚೆನ್ನಾಗಿ ಗಾಳಿಯಾಡುವ ಭಾಗವೂ ಅಲ್ಲೇ ಇದ್ದರೆ ಆಕ್ಸಿಜನ್ ಏರುತ್ತದೆ. ಮೇಲಿನ ಕಫ ದೊಡ್ಡ ಶ್ವಾಸನಾಳಕ್ಕೆ ಜಾರಿ ಬಂದರೆ ಸಕ್ಷನ್‌ಗೆ, ಅಂದರೆ ಕಫ ಹೀರಿ ತೆಗೆಯುವ ಪೈಪಿಗೆ, ಸಿಗುತ್ತದೆ. ಶ್ವಾಸಕೋಶದಲ್ಲಿ ರಕ್ತ ಸೋರುತ್ತಿದ್ದರೆ ಮಾತ್ರ ಲೆಕ್ಕ ಉಲ್ಟಾ, ಕೆಟ್ಟಿರುವ ಕಡೆಯೇ ಕೆಳಗೆ.

ಕಫ ಇಳಿಯಲಿ ಅಂತ ತಲೆ ತಗ್ಗಿಸುವುದು ಹಳೇ ಪದ್ಧತಿ. ತಲೆಗೆ ಪೆಟ್ಟು ಬಿದ್ದವರಿಗೆ, ಮೂಗಿನ ಟ್ಯೂಬಲ್ಲಿ ಊಟ ಹೋಗುತ್ತಿರುವವರಿಗೆ ಅದು ಅಪಾಯ. ಸಾಮಾನ್ಯವಾಗಿ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲೇ ಇರಬೇಕು.

ಬೋರಲು ಮಲಗಿಸುವುದನ್ನು ಕೋವಿಡ್‌ನಲ್ಲಿ ಎಲ್ಲರೂ ಕೇಳಿದ್ದೀರಿ, ಅಲ್ವಾ? ಅದು ಆಗ ಹುಟ್ಟಿದ್ದಲ್ಲ. 2013ರಲ್ಲಿ ಬಂದ ಪ್ರೊಸೇವಾ ಅಧ್ಯಯನದಲ್ಲಿ, ಶ್ವಾಸಕೋಶ ತೀರಾ ಹದಗೆಟ್ಟಿದ್ದ 466 ಜನರಿದ್ದರು. ಒಂದು ಗುಂಪನ್ನು ಒಂದೊಂದು ಸಲಕ್ಕೆ 16 ಗಂಟೆಯಾದರೂ ಬೋರಲು ಮಲಗಿಸಿದರು. 28 ದಿನದೊಳಗೆ ಆ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 16, ಅಂಗಾತ ಇದ್ದವರಲ್ಲಿ ಸುಮಾರು 33. ಹೊಸ ಔಷಧಿಯಿಲ್ಲ, ಹೊಸ ಮೆಷಿನ್ನಿಲ್ಲ!

ಆದರೆ ಒಬ್ಬರನ್ನು ಬೋರಲು ಹಾಕಲು ನಾಲ್ಕೈದು ಜನ ಬೇಕು. ಒಬ್ಬರು ತಲೆಯ ಹತ್ತಿರ ಟ್ಯೂಬ್ ಹಿಡಿದು ನಿಂತಿರಬೇಕು, ಅವರು ಎಣಿಸಿದ ಮೇಲೆಯೇ ಉಳಿದವರು ತಿರುಗಿಸಬೇಕು. ಟ್ಯೂಬ್ ಜಾರಿದರೆ ಕಥೆ ಮುಗಿಯಿತು. ರಾತ್ರಿ ಪಾಳಿಯಲ್ಲಿ ಅಷ್ಟು ಕೈಗಳು ಎಲ್ಲಿವೆ? ವೆಂಟಿಲೇಟರ್ ತರಲು ದುಡ್ಡು ಹುಟ್ಟುತ್ತದೆ, ಇನ್ನೊಬ್ಬ ಸಿಸ್ಟರ್‌ನ ಸಂಬಳಕ್ಕೆ ಹುಟ್ಟುವುದಿಲ್ಲ. ನನ್ನ ಸಿಟ್ಟು ಇದರ ಮೇಲೆ.

ಅದಕ್ಕೇ, ಯಾಕೆ ಹೊರಳಿಸಿದಿರಿ ಅಂತ ನನ್ನನ್ನು ಬೈಯಬೇಡಿ. ರಾತ್ರಿಯಿಡೀ ಎಷ್ಟು ಸಲ ಮಗ್ಗುಲು ಬದಲಿಸಿದಿರಿ ಅಂತ ಕೇಳಿ. ಉತ್ತರ ಹೇಳಲು ನಾವು ತಡವರಿಸಿದರೆ ಬಿಡಬೇಡಿ.