ಸೊಲೋನ್ ಸೀಮೆಯ ಮಣ್ಣುದಾರಿ: ಓಡಾಡಿದರೆ ಮಾತ್ರ ಉಳಿಯುತ್ತದೆ

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿನಲ್ಲಿ ಸೈಕಲ್ ಹೊಡೆಯಬೇಕು, ಜೊತೆಗೆ ಅರಮನೆಗಳನ್ನೂ ನೋಡಬೇಕು ಅನ್ನುವವರು ಹೆಚ್ಚಾಗಿ ಲ್ವಾರ್ ನದಿ ದಂಡೆಯ ದಾರಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಸುಮಾರು 900 ಕಿಲೋಮೀಟರ್ ಉದ್ದದ ದಾರಿ. ಉದ್ದಕ್ಕೂ ಬೋರ್ಡುಗಳಿವೆ, ಬಹುಪಾಲು ನುಣುಪಾಗಿದೆ. ಚೆನ್ನಾಗಿಲ್ಲ ಅಂತ ಯಾರೂ ಹೇಳಲಾರರು. ಆದರೆ ನನ್ನ ಮಾತು ಕೇಳುವುದಾದರೆ ಓರ್ಲಿಯಾನ್ಸ್ ಹತ್ತಿರವೋ ಬ್ಲ್ವಾ ಹತ್ತಿರವೋ ಆ ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿ. ಅಲ್ಲಿ ಸೊಲೋನ್ ಅಂತ ಒಂದು ಸೀಮೆ ಇದೆ. ಡಾಂಬರು ಬಿಟ್ಟು ಮಣ್ಣುದಾರಿ ಹಿಡಿಯಿರಿ. ಇದನ್ನು ಬರೀ ಮಜಕ್ಕೆ ಹೇಳುತ್ತಿಲ್ಲ. ಆ ಮಣ್ಣುದಾರಿಗಳು ಜನರದ್ದಾಗಿ ಉಳಿಯಬೇಕಾದರೆ ಜನ ಅಲ್ಲಿ ಓಡಾಡುತ್ತಿರಬೇಕು. ಕಾನೂನೇ ಹಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಾಗ ಹೇಗಿದೆ ನೋಡೋಣ. ಲ್ವಾರ್ ಮತ್ತು ಶೆರ್ ನದಿಗಳ ನಡುವೆ ಸುಮಾರು ಐದು ಲಕ್ಷ ಹೆಕ್ಟೇರ್ ಸಮತಟ್ಟು ನೆಲ. ಮೇಲೆ ಮರಳು, ಕೆಳಗೆ ಜೇಡಿ. ಮಳೆ ನೀರು ಕೆಳಗೂ ಇಳಿಯುವುದಿಲ್ಲ, ಇಳಿಜಾರು ಇಲ್ಲದ್ದರಿಂದ ಹರಿದೂ ಹೋಗುವುದಿಲ್ಲ. ಇಂಥ ಜವಳು ನೆಲದಲ್ಲಿ ಮಧ್ಯಯುಗದಿಂದಲೂ ಮಠದವರು, ಜಮೀನ್ದಾರರು ಸೇರಿ ಮಣ್ಣಿನ ಏರಿ ಹಾಕಿಸಿ ಕೆರೆ ಕಟ್ಟಿಸಿದರು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ತಿನ್ನುವ ಹಾಗಿರಲಿಲ್ಲ, ಮೀನು ತಿನ್ನಬಹುದಿತ್ತು. ವರ್ಷದಲ್ಲಿ ಅಂಥ ದಿನಗಳು ಬಹಳ ಇದ್ದವು, ಹಾಗಾಗಿ ಮೀನಿಗೆ ಒಳ್ಳೆ ಬೆಲೆ. ಇವತ್ತಿಗೂ ಅಲ್ಲಿ ಸುಮಾರು ಮೂರು ಸಾವಿರ ಕೆರೆಗಳಿವೆ.

ಕೋಲಾರದ ಕಡೆ ಕೆರೆ ಸಾಲು ನೋಡಿದವರಿಗೆ ಅಲ್ಲಿನ ವ್ಯವಸ್ಥೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ವ್ಯತ್ಯಾಸ ಏನೆಂದರೆ ನಮ್ಮದು ಗದ್ದೆಗೆ, ಅವರದ್ದು ಮೀನಿಗೆ. ಎಷ್ಟೋ ಕಡೆ ಮಣ್ಣುದಾರಿ ಏರಿಯ ಮೇಲೇ ಹೋಗುತ್ತದೆ. ಸೈಕಲ್ ನಿಲ್ಲಿಸಿ ತೂಬಿನ ಹತ್ತಿರ ಸ್ವಲ್ಪ ಹೊತ್ತು ನೋಡಿ. ಶರತ್ಕಾಲ ಬಂತೆಂದರೆ ತೂಬು ಎತ್ತುತ್ತಾರೆ. ನೀರು ಒಂದೇ ಸಲಕ್ಕೆ ಬಿಡುವುದಿಲ್ಲ, ದಿನಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಮೀನೆಲ್ಲ ತೂಬಿನ ಮುಂದಿನ ಆಳದ ಗುಂಡಿಗೆ ಬಂದು ಸೇರಿಕೊಳ್ಳುತ್ತವೆ. ಆಮೇಲೆ ಎದೆಮಟ್ಟದ ರಬ್ಬರ್ ಉಡುಪು ತೊಟ್ಟವರು ಕೆಸರಿಗಿಳಿದು ಬಲೆ ಎಳೆಯುತ್ತಾರೆ. ದಂಡೆಯ ಮೇಲೆ ಮೇಜು ಹಾಕಿ ಕಾರ್ಪ್ ಒಂದು ಕಡೆ, ಟೆಂಚ್ ಒಂದು ಕಡೆ, ಪೈಕ್ ಒಂದು ಕಡೆ ಬೇರೆ ಮಾಡುತ್ತಾರೆ. ಕೆರೆ ಖಾಲಿಯಾದಾಗ ಬರುವ ಆ ಹಸಿ ಕೆಸರಿನ ವಾಸನೆ, ಬೆಳ್ಳಕ್ಕಿಗಳ ಗದ್ದಲ, ಇದಕ್ಕೆ ಟಿಕೆಟ್ಟಿಲ್ಲ. ನನಗಂತೂ ಎಷ್ಟೋ ಅರಮನೆಗಳ ಒಳಾಂಗಣಕ್ಕಿಂತ ಇದು ಜಾಸ್ತಿ ಇಷ್ಟ.

ಇವತ್ತು ಸೊಲೋನ್ ಅಂದರೆ ಶ್ರೀಮಂತರ ಬೇಟೆ ಕಾಡು ಅನ್ನುವ ಹೆಸರಿದೆ. ಒಂದು ಕಾಲಕ್ಕೆ ಅದು ಫ್ರಾನ್ಸಿನ ತೀರಾ ಬಡ ಸೀಮೆಗಳಲ್ಲಿ ಒಂದಾಗಿತ್ತು. ನಿಂತ ನೀರು, ಸೊಳ್ಳೆ, ಮಲೇರಿಯಾ. ಸಾಂ-ವಿಯಾತ್ರ್ ಅನ್ನುವ ಊರಿದೆ, ಕೆರೆಗಳ ನಟ್ಟನಡುವೆ. ಅಲ್ಲಿನ ಸಂತನಿಗೆ ಜನ ಹರಕೆ ಹೊರುತ್ತಿದ್ದದ್ದೇ ಜ್ವರ ಬಿಡಲಿ ಅಂತ. 1848ರಲ್ಲಿ ಪ್ಯಾರಿಸ್‌ನಲ್ಲಿ ಕ್ರಾಂತಿ ಆಯಿತಲ್ಲ, ಆಗ ಕೆಲಸ ಇಲ್ಲದವರನ್ನು ಇಲ್ಲಿಗೆ ತಂದು ಸೋಲ್ದ್ರ್ ಕಾಲುವೆ ತೋಡಲು ಹಚ್ಚಿದರು. ಯಾಕೆ? ಸೊಲೋನ್‌ನ ಹುಳಿ ಮಣ್ಣಿಗೆ ಸುಣ್ಣದ ಅಂಶ ಬೇಕಿತ್ತು. ಬ್ಲಾಂಕಫೋರ್ ಕಡೆ ಸಿಗುವ ಸುಣ್ಣಮಣ್ಣನ್ನು ದೋಣಿಯಲ್ಲಿ ತಂದು ಹೊಲಕ್ಕೆ ಹಾಕಬೇಕಿತ್ತು. ಕೊನೆಗೆ ಲಾಮೋತ್-ಬೂವ್ರೋಂವರೆಗೆ 47 ಕಿಲೋಮೀಟರ್ ಕಾಲುವೆ ಆಯಿತು. ಮೂರನೇ ನೆಪೋಲಿಯನ್ ಈ ಕಡೆ ಜಮೀನು ಕೊಂಡು ನೀರು ಬಸಿಯುವ ಕೆಲಸ ಮಾಡಿಸಿದ. ಪೈನ್ ಮರ ಹಾಕಿಸಿದರು. ರೈಲು ಬಂತು. ರೈಲಿನ ಹಿಂದೆಯೇ ಪ್ಯಾರಿಸ್‌ನ ದುಡ್ಡಿನವರು ಬೇಟೆಗಾಗಿ ಎಸ್ಟೇಟು ಕೊಳ್ಳಲು ಬಂದರು.

ಆ ಕಾಲುವೆಯ ಮೇಲೆ ಈಗ ದೋಣಿ ವ್ಯಾಪಾರ ಇಲ್ಲ. ದಂಡೆಯ ದಾರಿ ಮಾತ್ರ ಉಳಿದಿದೆ, ಗ್ರಾವೆಲ್ ಸೈಕಲ್‌ಗೆ, ಅಂದರೆ ಮಣ್ಣು-ಜಲ್ಲಿ ದಾರಿಗೆ ಅಂತಲೇ ಮಾಡಿದ ಅಗಲ ಟೈರಿನ ಸೈಕಲ್‌ಗೆ, ಹೇಳಿ ಮಾಡಿಸಿದ ಹಾಗೆ. ಹುಲ್ಲಿನ ನಡುವೆ ಎರಡು ಗಾಲಿ ಜಾಡು, ಪಕ್ಕದಲ್ಲಿ ನಿಂತ ನೀರು, ಅಲ್ಲಲ್ಲಿ ದೋಣಿ ಏರಿಳಿಸಲು ಕಟ್ಟಿದ ಹಳೆಯ ಕಲ್ಲಿನ ಬಾಗಿಲುಕಟ್ಟೆಗಳು. ಕಾಲುವೆಗೆ ನೀರು ಒದಗಿಸಲು ಕಟ್ಟಿದ ಎತಾಂ ದ್ಯು ಪ್ವಿ ಅನ್ನುವ ದೊಡ್ಡ ಕೆರೆಯೂ ದಾರಿಯಲ್ಲೇ ಸಿಗುತ್ತದೆ.

ಗ್ರಾವೆಲ್ ಸೈಕಲ್ಲೇ ಯಾಕೆ ಅಂತ ಕೇಳಬಹುದು. ಮರಳು, ಅದಕ್ಕೆ. ಪೈನ್ ಕಾಡಿನ ಒಳಗೆ ಹೋದರೆ ನೆಲ ಗಟ್ಟಿಯಾಗಿಯೇ ಕಾಣುತ್ತದೆ, ಇದ್ದಕ್ಕಿದ್ದಂತೆ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ರೋಡ್ ಸೈಕಲ್‌ನ ಸಣ್ಣ ಟೈರು ಇಲ್ಲಿ ನಡೆಯುವುದಿಲ್ಲ. 40ರಿಂದ 45 ಮಿಲಿಮೀಟರ್ ಅಗಲದ ಟೈರು ಹಾಕಿ, ಗಾಳಿ ಕಮ್ಮಿ ಇಡಿ. ಮರಳು ಬಂದಾಗ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ಬಿಗಿ ಹಿಡಿದು ತಿರುಗಿಸಬೇಡಿ, ಮೈ ಭಾರ ಹಿಂದಕ್ಕೆ ಹಾಕಿ ತುಳಿಯುತ್ತಲೇ ಇರಿ. ಅಷ್ಟೇ.

ಅರಮನೆಗಳ ವಿಷಯಕ್ಕೆ ಬರೋಣ. ಶಾಂಬೋರ್ ಎಲ್ಲರಿಗೂ ಗೊತ್ತು. ರಾಜ ಒಂದನೇ ಫ್ರಾನ್ಸ್ವಾ 1519ರಲ್ಲಿ ಶುರು ಮಾಡಿಸಿದ್ದು. ಜನ ಅದರ ಮೆಟ್ಟಿಲು ನೋಡಲು ಸಾಲು ನಿಲ್ಲುತ್ತಾರೆ. ನನಗೆ ಅಲ್ಲಿ ದೊಡ್ಡದಾಗಿ ಕಂಡದ್ದು ಗೋಡೆ. ಸುಮಾರು 5,440 ಹೆಕ್ಟೇರ್ ಕಾಡಿನ ಸುತ್ತ 32 ಕಿಲೋಮೀಟರ್ ಕಲ್ಲುಗೋಡೆ. ರಾಜನ ಬೇಟೆಗೆ ಅಂತ ಕಾಡಿಗೇ ಗೋಡೆ ಕಟ್ಟಿಸಿದರು. 1930ರಿಂದ ಅದು ಸರಕಾರದ ಸ್ವತ್ತು. ಆದರೂ ಒಳಗಿನ ಕಾಡಿನಲ್ಲಿ ಜನರಿಗೆ ಬಿಟ್ಟಿರುವುದು ಒಂದು ಭಾಗ ಮಾತ್ರ. ಶೆವರ್ನಿ ಅರಮನೆ ಚೆಂದ, ಅಚ್ಚುಕಟ್ಟು, ಬಸ್ಸುಗಳೂ ಜಾಸ್ತಿ. ನನ್ನ ಮನಸ್ಸಿಗೆ ಹಿಡಿಸಿದ್ದು ಲಾಸೆ-ಸ್ಯುರ್-ಕ್ರುವಾನ್ ಊರಿನ ಹತ್ತಿರದ ಮೂಲಾಂ ಕೋಟೆಮನೆ. ಹದಿನೈದನೇ ಶತಮಾನದ ಕೊನೆಯದು. ಕೆಂಪು ಇಟ್ಟಿಗೆ, ನಡುನಡುವೆ ಕಪ್ಪು ಇಟ್ಟಿಗೆಯ ವಜ್ರಾಕಾರದ ಗೆರೆಗಳು, ಸುತ್ತ ನೀರು ತುಂಬಿದ ಕಂದಕ. ಕಟ್ಟಿಸಿದ ಫಿಲಿಪ್ ದ್ಯು ಮೂಲಾಂ 1495ರಲ್ಲಿ ಇಟಲಿಯಲ್ಲಿ ನಡೆದ ಫೋರ್ನೋವೊ ಯುದ್ಧದಲ್ಲಿ ಎಂಟನೇ ಚಾರ್ಲ್ಸ್ ರಾಜನ ಪ್ರಾಣ ಉಳಿಸಿದವನು. ಕಲ್ಲು ಸಿಗದ ಸೀಮೆಯಲ್ಲಿ ಅಲ್ಲಿನ ಮಣ್ಣನ್ನೇ ಸುಟ್ಟು ಕಟ್ಟಿದ ಮನೆ ಇದು. ಸೊಲೋನ್‌ಗೆ ಶಾಂಬೋರ್‌ಗಿಂತ ಇದೇ ಹತ್ತಿರದ್ದು.

ಈಗ ನಾನು ನಿಜಕ್ಕೂ ಹೇಳಬೇಕು ಅಂತಿರುವ ಮಾತು. ರಾಜನ ಗೋಡೆ ಒಂದೇ ಇತ್ತು. ಈಚಿನ ಕೆಲವು ದಶಕಗಳಲ್ಲಿ ಸೊಲೋನ್ ಪೂರ್ತಿ ತಂತಿ ಬೇಲಿ ಎದ್ದುಬಿಟ್ಟಿದೆ. ಆಳೆತ್ತರದ ಜಾಲರಿ, ಕೆಲವು ಕಡೆ ಬುಡವನ್ನು ನೆಲದೊಳಕ್ಕೆ ಹೂತಿದ್ದಾರೆ. ಒಳಗೆ ಕಾಡುಹಂದಿ, ಜಿಂಕೆಗಳನ್ನು ಸಾಕಿ ದುಡ್ಡು ಕೊಟ್ಟವರಿಗೆ ಬೇಟೆ ಆಡಿಸುತ್ತಾರೆ. ಎಷ್ಟೋ ಕಡೆ ಸಾರ್ವಜನಿಕ ದಾರಿ ಎರಡು ಬೇಲಿಗಳ ನಡುವೆ ಸಿಕ್ಕಿಹಾಕಿಕೊಂಡಿದೆ. ಅಂಥ ಒಂದು ದಾರಿಯಲ್ಲಿ ಹೋಗುವಾಗ ನನ್ನ ಮುಂದೆ ಒಂದು ಸಣ್ಣ ಜಿಂಕೆ ಬಂತು, ಹೇಗೆ ಒಳಗೆ ಸಿಕ್ಕಿತೋ. ಸೈಕಲ್ ಸದ್ದಿಗೆ ಹೆದರಿ ಓಡಿತು. ಎಡಕ್ಕೆ ಹಾರಿ ಜಾಲರಿಗೆ ಬಡಿಯಿತು, ಬಲಕ್ಕೆ ಹಾರಿ ಮತ್ತೆ ಬಡಿಯಿತು. ನಾನು ಇಳಿದು ನಿಂತೆ. ಮುಂದೆ ಎಲ್ಲೋ ಸಂದಿ ಸಿಗುವವರೆಗೂ ಅದು ಬಡಿದುಕೊಳ್ಳುತ್ತಲೇ ಇತ್ತು. ಹೊಟ್ಟೆ ಚುರುಕ್ ಅಂದಿತು.

2023ರ ಫೆಬ್ರವರಿ 2ರಂದು ಫ್ರಾನ್ಸ್ ಇದಕ್ಕೆ ಒಂದು ಕಾನೂನು ತಂದಿತು. ಬೇಲಿ 1.2 ಮೀಟರಿಗಿಂತ ಎತ್ತರ ಇರಬಾರದು, ನೆಲದಿಂದ 30 ಸೆಂಟಿಮೀಟರ್ ಬಿಟ್ಟು ಹಾಕಬೇಕು, ಪ್ರಾಣಿಗಳು ದಾಟುವ ಹಾಗಿರಬೇಕು. 30 ವರ್ಷಕ್ಕಿಂತ ಈಚೆಗೆ ಹಾಕಿದ ಬೇಲಿಗಳನ್ನೂ 2027ರ ಜನವರಿ 1ರೊಳಗೆ ಸರಿಪಡಿಸಬೇಕು. ಇಷ್ಟಕ್ಕೆ ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಸೇರಿಸಿದ್ದಾರೆ. ಖಾಸಗಿ ಅಂತ ಗುರುತು ಹಾಕಿರುವ ಕಾಡಿಗೋ ಹೊಲಕ್ಕೋ ಅಪ್ಪಣೆ ಇಲ್ಲದೆ ಕಾಲಿಟ್ಟರೆ ದಂಡ. ಸಾಮಾನ್ಯವಾಗಿ 135 ಯೂರೋ, 750ರವರೆಗೂ ಹೋಗಬಹುದು. ಅಂದರೆ ಬೇಲಿ ತೆಗೆಯಿರಿ ಅಂತ ಒಡೆಯನಿಗೆ ಹೇಳಿದ್ದಕ್ಕೆ ಬದಲಾಗಿ ನಡೆಯುವವನ ಕೈಗೆ ದಂಡದ ಚೀಟಿ ಕೊಟ್ಟರು. ಫ್ರಾನ್ಸಿನ ಕಾಡಿನಲ್ಲಿ ನಾಲ್ಕನೇ ಮೂರು ಪಾಲು ಖಾಸಗಿ. ಯಾರಿಗೂ ತೊಂದರೆ ಕೊಡದೆ ನಡೆದುಕೊಂಡೋ ಸೈಕಲ್ ತಳ್ಳಿಕೊಂಡೋ ಹೋಗುವವರನ್ನು ಅಪರಾಧಿ ಅನ್ನುವುದು ತಪ್ಪು. ಪ್ರಾಣಿಗೆ ದಾರಿ ಬಿಟ್ಟು ಮನುಷ್ಯನಿಗೆ ಮುಚ್ಚಿದ್ದು ನನಗೆ ಒಪ್ಪಿಗೆಯಿಲ್ಲ. ಆ ಭಾಗ ತೆಗೆದುಹಾಕಬೇಕು.

ಹಾಗಾಗಿಯೇ ಹಳ್ಳಿ ದಾರಿಗಳಿಗೆ ಈಗ ಇಷ್ಟು ಬೆಲೆ. ಅಲ್ಲಿ ಶಮಾಂ ರ್‍ಯುರಾಲ್ ಅಂತ ಕರೆಯುವ ದಾರಿಗಳು ಊರಿನ ಆಡಳಿತದ ಸ್ವತ್ತು, ಜನರ ಬಳಕೆಗೆ ಬಿಟ್ಟವು. ಒಂದು ದಾರಿ ಜನರ ಬಳಕೆಯಲ್ಲಿದೆಯೇ ಇಲ್ಲವೇ ಅನ್ನುವುದಕ್ಕೆ ಕಾನೂನು ನೋಡುವ ಮುಖ್ಯ ಗುರುತುಗಳಲ್ಲಿ ಒಂದು, ಜನ ಅದರಲ್ಲಿ ಓಡಾಡುತ್ತಿದ್ದಾರೆಯೇ ಅನ್ನುವುದು. ಬಳಕೆ ನಿಂತಿತು ಅಂತಾದರೆ ಊರಿನವರು ಸಾರ್ವಜನಿಕ ವಿಚಾರಣೆ ಮಾಡಿ ಅದನ್ನು ಮಾರಬಹುದು. ಕೊಳ್ಳುವವರು ಯಾರು? ಪಕ್ಕದ ಎಸ್ಟೇಟಿನವರೇ ತಾನೇ. ಆಮೇಲೆ ಆ ದಾರಿ ನಕ್ಷೆಯಿಂದಲೇ ಹೋಯಿತು. ನೀವು ವಾರಾಂತ್ಯಕ್ಕೆ ಅಲ್ಲಿ ಸೈಕಲ್ ತುಳಿದರೆ ಮುಳ್ಳುಕಂಟಿ ಬೆಳೆಯುವುದಿಲ್ಲ, ಜಾಡು ಅಳಿಯುವುದಿಲ್ಲ, ಇಲ್ಲಿ ಜನ ಬರುವುದೇ ಇಲ್ಲ ಅಂತ ಯಾರಿಗೂ ಹೇಳಲಾಗುವುದಿಲ್ಲ. ನದಿ ದಂಡೆಯ ದಾರಿಗೆ ನೀವು ಹೋಗದಿದ್ದರೂ ಏನೂ ಆಗುವುದಿಲ್ಲ. ಇಲ್ಲಿ ಆಗುತ್ತದೆ.

ಹೋಗುವವರಿಗೆ ಕೆಲವು ಮಾತು. ಓರ್ಲಿಯಾನ್ಸಿನಿಂದ ವಿಯೆರ್ಜೋಂ ಕಡೆ ಹೋಗುವ ರೈಲು ಹತ್ತಿ ಲಾಮೋತ್-ಬೂವ್ರೋಂನಲ್ಲಿ ಇಳಿಯಿರಿ, ನಿಲ್ದಾಣದ ಎದುರಿಗೇ ತಾರ್ತ್ ತಾತಾಂ ಸೇಬಿನ ತಿಂಡಿಗೆ ಹೆಸರಾದ ಹೋಟೆಲ್ ಇದೆ. ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬೇಟೆ ಕಾಲ, ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್ ಹಾಕಿ, ಬೇಟೆ ನಡೆಯುತ್ತಿದೆ ಅನ್ನುವ ಬೋರ್ಡು ಕಂಡರೆ ಬೇರೆ ದಾರಿ ಹಿಡಿಯಿರಿ. ಮೊಬೈಲ್ ಆ್ಯಪ್ ತೋರಿಸುವ ಗೆರೆಯನ್ನು ಸುಮ್ನೆ ನಂಬಬೇಡಿ, ಫ್ರಾನ್ಸಿನ ಭೂದಾಖಲೆ ನಕ್ಷೆ ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಹಳ್ಳಿ ದಾರಿ ಅಂತ ಬರೆದಿದ್ದರೆ ಧೈರ್ಯವಾಗಿ ಹೋಗಿ. ಅಂಥ ದಾರಿಗೆ ಯಾರಾದರೂ ಸರಪಳಿ ಬಿಗಿದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಫೋಟೋ ತೆಗೆದು, ಜಾಗ ಗುರುತು ಮಾಡಿ, ಆ ಊರಿನ ಮೇಯರ್ ಕಚೇರಿಗೆ ಒಂದು ಕಾಗದ ಬರೆಯಿರಿ. ದಾರಿ ಕಾಪಾಡುವ ಹೊಣೆಯನ್ನು ಕಾನೂನು ಅವರಿಗೇ ಕೊಟ್ಟಿದೆ.